ಮುಳ್ಳು ಇಳಿದದ್ದು

ಮೊಗ್ರಾಲಿನ ನಬೀಸುಮ್ಮನ ಹಿತ್ತಿಲಲ್ಲಿ ಮೂರು ಹೊಂಡ.
ತೆಂಗಿನ ಗೆರಟೆ ತುಂಬಿ, ಬೆಂಕಿ ಕೊಟ್ಟು,
ತಗಡು ಮುಚ್ಚಿ, ಅಂಚಿಗೆ ಒದ್ದೆ ಹೊಯ್ಗೆ ಮೆತ್ತುತ್ತಾಳೆ.
ಉಸಿರು ಕಟ್ಟಿದರೆ ಇದ್ದಿಲು, ಬಿಟ್ಟರೆ ಬೂದಿ.
ಇಸ್ತ್ರಿಯವರಿಗೆ ಮಾರುವ ರೇಟಿನಲ್ಲೇ ನನಗೂ ಮಾರುತ್ತಾಳೆ.
ನಾನು ಇಸ್ತ್ರಿ ಹಾಕುವವಳಲ್ಲ ಎಂದು
ಮೂರು ವರ್ಷದಿಂದ ಅವಳಿಗೆ ಅನುಮಾನ.

ಪೆರಿಯದ ಗುಡ್ಡೆಯ ಮೇಲೆ ಲ್ಯಾಬು.
ಕಿಟಕಿಯಾಚೆ ಮುರಕಲ್ಲಿನ ಕ್ವಾರಿ, ಕಡಿದ ಗೋಡೆಯ ತುಂಬ ತೂತು.
ಇದ್ದಿಲೂ ಹಾಗೆಯೇ, ಕಣ್ಣಿಗೆ ಕಾಣದಷ್ಟು ಸಣ್ಣಗೆ.
ಪೊಟ್ಯಾಷಿನಲ್ಲಿ ನೆನೆಸಿ, ಎಂಟುನೂರು ಡಿಗ್ರಿಯಲ್ಲಿ ಹುರಿದು ಅಳೆದೆವು:
ಒಂದು ಗ್ರಾಮಿನೊಳಗೆ ನಲವತ್ತು ಸೆಂಟ್ಸ್ ಜಾಗ,
ಪಟ್ಟೆಯಿಲ್ಲ, ತೆರಿಗೆಯಿಲ್ಲ, ಗಡಿಕಲ್ಲಿಲ್ಲ.
ಅಳೆಯಲು ಬೇಕಾದ ದ್ರವ ನೈಟ್ರೋಜನ್
ಆ ವಾರ ಮಂಗಳೂರಿನಿಂದ ಬರಲಿಲ್ಲ.
ದನದ ಆಸ್ಪತ್ರೆಯ ಅಂಬಾಡಿಯಣ್ಣ
ಹೋರಿಯ ಬೀಜ ಇಡುವ ಕ್ಯಾನಿನಿಂದ ಎರಡು ಲೀಟರು ಬಗ್ಗಿಸಿ ಕೇಳಿದ,
"ಟೀಚರೇ, ನಿಮ್ಮಲ್ಲಿ ಯಾವ ಜಾತಿಯ ದನ?"

ಕಟ್ಟಿಹಾಕಲು ಹೊರಟದ್ದು ಎಲ್ಲಕ್ಕಿಂತ ಹಗುರಾದದ್ದನ್ನು.
ಉಕ್ಕಿನಲ್ಲಿಟ್ಟರೆ ಹೈಡ್ರೋಜನ್ ಉಕ್ಕನ್ನೇ ಬಿರಿಸೀತು.
ಮೆಗ್ನೀಸಿಯಮ್ಮಿಗೆ ಕೊಟ್ಟರೆ
ಮುನ್ನೂರು ಡಿಗ್ರಿ ಕಾಸದೆ ಅದು ವಾಪಸು ಕೊಡುವುದಿಲ್ಲ.
ಇದ್ದಿಲಿಗೋ, ಚಳಿಯಿಲ್ಲದೆ ಹಿಡಿತವೇ ಬರುವುದಿಲ್ಲ.
ಕಾಸರಗೋಡಿನಲ್ಲಿ ಚಳಿ ಎಲ್ಲಿಂದ ತರಲಿ?

ಅದಕ್ಕೇ ಪಲ್ಲಾಡಿಯಂ.
ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗುವಷ್ಟು, ಒಂದು ಚಿಟಿಕೆ.
ಜೋಡಿಯಾಗಿ ಬಂದದ್ದನ್ನು ಬಾಗಿಲಲ್ಲೇ ಬಿಡಿಸಿ
ಒಂಟಿ ಒಂಟಿಯಾಗಿ ಇದ್ದಿಲ ಓಣಿಗೆ ದಾಟಿಸುತ್ತದೆ,
ತಲಪಾಡಿಯಲ್ಲಿ ಬಸ್ಸಿಳಿದವರು
ಗಡಿಯಾಚೆಯ ಬಸ್ಸಿಗೆ ನಡೆದು ಹೋಗುವ ಹಾಗೆ.
ತಾನು ಮಾತ್ರ ಅಲ್ಲೇ, ಇದ್ದ ಹಾಗೇ.
ಹಾಗೆಂದು ಪುಸ್ತಕದಲ್ಲಿತ್ತು. ನಾನು ನಂಬಿದ್ದೆ.

ಮೂರು ರಾತ್ರಿ ಒತ್ತಡದ ಮುಳ್ಳು ಇಳಿಯಿತು.
ಐವತ್ತು, ನಲವತ್ತೇಳು, ನಲವತ್ತೈದು.
ಮುಳ್ಳು ಇಳಿದಷ್ಟೂ ಇದ್ದಿಲು ಕುಡಿದ ಲೆಕ್ಕ.
ನೂರಕ್ಕೆ ನಾಲ್ಕು ಪಾಯಿಂಟ್ ಒಂದು!
ರಮ್ಲತ್ ಹಲ್ವ ತಂದಳು.
ನಾನು ಲೇಖನದ ಮೊದಲ ವಾಕ್ಯ ಬರೆದೆ,
ಹೊಡೆದು ಹಾಕಿ ಇನ್ನೂ ದೊಡ್ಡದು ಬರೆದೆ.

ನಾಲ್ಕನೆಯ ರಾತ್ರಿ, ನಿಯಮವಿದೆಯೆಂದು, ಬರೇ ನಿಯಮಕ್ಕೆ,
ಖಾಲಿ ಪಾತ್ರೆ ಇಟ್ಟು ಅನಿಲ ಬಿಟ್ಟೆ.
ಇದ್ದಿಲಿಲ್ಲ, ಪಲ್ಲಾಡಿಯಂ ಇಲ್ಲ.
ಐವತ್ತು.
ನಲವತ್ತೇಳು.
ಏನೂ ಇಲ್ಲದ್ದೂ ಕುಡಿಯುತ್ತಿತ್ತು,
ಅಷ್ಟೇ ಬಾಯಾರಿಕೆಯಿಂದ.

ಸೋಪಿನ ನೊರೆ ಹಚ್ಚುತ್ತ ಕೀಲು ಕೀಲು ಹುಡುಕಿದೆವು.
ಏಳನೆಯದರಲ್ಲಿ, ವಾಷರಿನ ಕೂದಲೆಳೆ ಬಿರುಕಿನ ಮೇಲೆ
ಒಂದು ಗುಳ್ಳೆ. ಅವಸರವೇ ಇರಲಿಲ್ಲ ಅದಕ್ಕೆ.
ಸಾಸಿವೆಯಾಯಿತು, ಹೆಸರುಕಾಳಾಯಿತು,
ಟ್ಯೂಬ್‌ಲೈಟಿನ ಬಣ್ಣಗಳನ್ನೆಲ್ಲ ಮೈಮೇಲೆ ತಿರುಗಿಸಿಕೊಂಡು
ಒಡೆಯಿತು. ಮತ್ತೆ ಸಾಸಿವೆ.
"ಟೀಚರ್, ನಮ್ಮ ನಾಲ್ಕು ಪಾಯಿಂಟ್ ಒಂದು," ಎಂದಳು ರಮ್ಲತ್.
ಯಾರೂ ನಗಲಿಲ್ಲ. ಹಲ್ವದ ಡಬ್ಬಿ ಮೇಜಿನ ಮೇಲೇ ಇತ್ತು.

ಹೊರಗೆ ಹೋದದ್ದನ್ನೆಲ್ಲ
ಒಳಗೆ ನಿಂತದ್ದೆಂದು ಬರೆದುಕೊಂಡಿದ್ದೆ.
ಮುಳ್ಳು ಸುಳ್ಳಾಡಿರಲಿಲ್ಲ. ಇಳಿದಿತ್ತು, ಅಷ್ಟೆ.

ವಾಷರು ಬದಲಿಸಿ ಮತ್ತೆ ಮೂರು ರಾತ್ರಿ:
ಸೊನ್ನೆ ಪಾಯಿಂಟ್ ನಾಲ್ಕು.
ಪೆನ್ನಿನಲ್ಲೇ ಬರೆದೆ. ಹಳೆಯ ಪುಟ ಹರಿಯಲಿಲ್ಲ,
ಒಂದು ಗೆರೆ ಎಳೆದು ಪಕ್ಕದಲ್ಲಿ
"ಏಳನೆಯ ಕೀಲು" ಎಂದು ಬರೆದು ದಿನಾಂಕ ಹಾಕಿದೆ.

ಶನಿವಾರ ಮೊಗ್ರಾಲಿಗೆ ಹೋದಾಗ
ನಬೀಸುಮ್ಮ ಹೊಂಡದ ಸುತ್ತ ಕುಕ್ಕರುಗಾಲಲ್ಲಿ ಸರಿಯುತ್ತಿದ್ದಳು.
ಎಲ್ಲಿಂದಲೋ ನೂಲಿನಂಥ ಹೊಗೆ.
ನಾನೂ ಪಕ್ಕದಲ್ಲಿ ಕೂತು ಒಂದು ಮುಷ್ಟಿ ಹೊಯ್ಗೆ ಒತ್ತಿದೆ.
"ಅಲ್ಲಲ್ಲ," ಎಂದು ನನ್ನ ಮಣಿಕಟ್ಟು ಹಿಡಿದು
ಒಂದು ಗೇಣು ಆಚೆಗೆ ಸರಿಸಿದಳು.
ಹೊಗೆ ನಿಂತಿತು.

ಚೀಲಕ್ಕೆ ಈ ಸಲ ಹತ್ತು ರೂಪಾಯಿ ಜಾಸ್ತಿ.